ಲಾಲ ಅಹ್ಮದನ ರಬ್ಬರು

ಶಿವರಾಜಪ್ಪ ಜೀಪಿನ ಹಿಂದಿನ ಬಾಗಿಲು ತೆಗೆದು ಹಿಡಿದುಕೊಂಡು ನಿಂತೇ ಇದ್ದ, ದಾನಮ್ಮ ಇಳಿಯಲಿಲ್ಲ. ಸೆರಗನ್ನು ತಲೆತುಂಬ ಹೊದ್ದು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಸೀಟು ಹಿಡಿದವಳ ಹಾಗೆ ಕೂತುಬಿಟ್ಟಿದ್ದಳು. ಹೆಂಗಸರು ಅಲ್ಲಿಗೆ ಬಂದು ಮಾಡುವುದೇನಿದೆ, ಮಣ್ಣು ಕೊಡುವಲ್ಲಿಗೆ ಅವರಲ್ಲಿ ಹೆಂಗಸರು ಹೋಗುವುದಿಲ್ಲ, ಬಿಸಿಲು ಬೇರೆ ಎಂದು ಅವನು ಮೂರು ಸಲ ಹೇಳಿಯಾಗಿತ್ತು. ಮನೆಯೊಳಗಿನಿಂದ ಅವನ ಹೆಂಡತಿ ಅನುಸೂಯಾಬಾಯಿಯೂ ಹೇಳಿ ನೋಡಿದಳು. ಸತ್ತ ತಮ್ಮನ ಹೆಂಡತಿ ದಾನಮ್ಮ ಹತ್ತೊಂಬತ್ತು ವರ್ಷದಲ್ಲಿ ಭಾವನ ಮಾತಿಗೆ ಎದುರಾಡಿದ್ದು ಇದೇ ಮೊದಲು.

"ಆ ಮನಷ್ಯಾಗ ನಾ ಹಾಕಿದ ಶಾಪ ಒಂದಲ್ಲ ಎರಡಲ್ಲ ಭಾವಾರ," ಎಂದಳು. "ಸತ್ತ ಮ್ಯಾಲೂ ಅದು ಅವನ ಬೆನ್ನ ಹತ್ತಬಾರದು. ನಾ ಬರ್ತೇನಿ."

ಶಿವರಾಜಪ್ಪ ಬಾಗಿಲು ಹಾಕಿ, ಮುಂದೆ ಹೋಗಿ ಕೂತು, ಗಾಡಿ ಶುರು ಮಾಡಿದ.

ಬೆಳಿಗ್ಗೆ ಏಳಕ್ಕೆ ಬೀದರಿನಿಂದ ಭಾಲ್ಕಿಗೆ ಫೋನು ಬಂದಿತ್ತು. ಮಾತಾಡಿದವಳು ರಬ್ಬರಿನ ಕೆಲಸದ ಲಾಲ ಅಹ್ಮದನ ಮಗಳು ಅರ್ಶಿಯಾ. ಅಬ್ಬಾ ನಿನ್ನೆ ಸಂಜೆ ಹೋದರು, ಮಧ್ಯಾಹ್ನದ ನಮಾಜಿನ ಮೇಲೆ ಮಣ್ಣು ಎಂದಳು. ಅವರಲ್ಲಿ ಒಂದು ಪದ್ಧತಿ ಉಂಟು. ಹೆಣವನ್ನು ಮುಂದಿಟ್ಟು ಮಾಡುವ ಜನಾಜಾದ ನಮಾಜಿಗೆ ಮುಂಚೆ ಮಗ ಎದ್ದು ನಿಂತು, ತೀರಿಕೊಂಡವರಿಂದ ಯಾರಿಗಾದರೂ ನೋವಾಗಿದ್ದರೆ ಮಾಫ್ ಮಾಡಿ ಎಂದು ಸೇರಿದ ಮಂದಿಯನ್ನು ಕೇಳುತ್ತಾನೆ. ದೇವರಿಗೆ ಮಾಡಿದ ತಪ್ಪನ್ನು ದೇವರು ಬಿಟ್ಟಾನು, ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಬಿಡಬೇಕು ಎಂಬುದು ಅವರ ನಂಬಿಕೆ. "ಯಾರು ಬರ್ಲಿ ಬಿಡ್ಲಿ, ನೀವು ಬರ್ಬೇಕ್ರಿ ಸಾವ್ಕಾರ್ರ," ಎಂದಿದ್ದಳು ಅರ್ಶಿಯಾ. "ಅಬ್ಬಾನ ಮ್ಯಾಲ ಇರೋದು ನಿಮ್ಮ ಮನಿ ಭಾರ ಒಂದೇ."

ನಿಮ್ಮ ಮನೆಯ ಭಾರ ಎಂದರೆ ಅಮಿತಕುಮಾರ. ಶಿವರಾಜಪ್ಪನ ಬೆನ್ನಿಗೆ ಬಿದ್ದ ತಮ್ಮ, ದಾನಮ್ಮನ ಗಂಡ. ಲಾಲ ಅಹ್ಮದ ಕೈಯಾರೆ ಮಾಡಿ ಕೂಡಿಸಿದ ಬ್ರೇಕಿನ ರಬ್ಬರು ಕೈಕೊಟ್ಟು, ಮಾಂಜ್ರಾ ಸೇತುವೆಯ ಹತ್ತಿರ ಲಾರಿ ಉರುಳಿ ಸತ್ತವನು. ಹಾಗೆಂದು ಬೀದರ, ಭಾಲ್ಕಿ, ಔರಾದ ಮೂರೂ ಊರು ನಂಬಿದ್ದವು. ಶಿವರಾಜಪ್ಪನಿಗೆ ತಿಳಿದ ಮಟ್ಟಿಗೆ ನಂಬದೆ ಇದ್ದವರು ಇಬ್ಬರೇ. ಒಬ್ಬ ನಿನ್ನೆ ಸತ್ತಿದ್ದ, ಇನ್ನೊಬ್ಬ ಈಗ ಹಲಬರ್ಗಾ ದಾಟಿ ಜೀಪು ಹೊಡೆಯುತ್ತಿದ್ದ. ಹಿಂದಿನ ಸೀಟಿನಲ್ಲಿ ದಾನಮ್ಮ ಕಿಟಕಿಯ ಗಾಜಿಗೆ ತಲೆ ಆನಿಸಿ ಕೂತಿದ್ದಳು.

*

ಆ ಲಾರಿ ಶಿವರಾಜಪ್ಪನ ಅಪ್ಪನ ಕಾಲದ್ದು. ಅರವತ್ತೊಂಬತ್ತರ ಮಾಡೆಲ್ಲು, ಮೂತಿ ಮುಂದಕ್ಕೆ ಚಾಚಿಕೊಂಡದ್ದು. ಅದರ ಸಾಮಾನು ಪೇಟೆಯಲ್ಲಿ ಸಿಗುವುದು ನಿಂತು ಎಷ್ಟೋ ವರ್ಷವಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಗುಜರಿಗೆ ಹಾಕುತ್ತಿದ್ದರು. ಶಿವರಾಜಪ್ಪನಿಗೆ ಮಾತ್ರ ಅದರ ಮೇಲೆ ಜೀವ, ಓಡಿಸುವ ಧೈರ್ಯವೂ ಇತ್ತು, ಯಾಕೆಂದರೆ ಬೀದರಿನ ಚೌಬಾರಾ ಬುರುಜಿನ ಹಿಂದಿನ ಗಲ್ಲಿಯಲ್ಲಿ ಲಾಲ ಅಹ್ಮದ ಇದ್ದ. ಚಕ್ರದ ಬ್ರೇಕಿನೊಳಗೆ ಕೂರುವ ಬಟ್ಟಲಿನಾಕಾರದ ರಬ್ಬರಿಗೆ ಅವನು ತಾನೇ ಕಬ್ಬಿಣದ ಅಚ್ಚು ಕೊರೆದಿದ್ದ. ರಬ್ಬರು ಬೇಯಿಸಿ, ಅಚ್ಚಿನಲ್ಲಿ ಒತ್ತಿ, ತಣ್ಣಗಾದ ಮೇಲೆ ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದ. ಮೆತ್ತಗಾದದ್ದನ್ನೂ ಬಿರುಸಾದದ್ದನ್ನೂ ಆಚೆಗೆ ಎಸೆದು, ಹತ್ತು ಮಾಡಿದರೆ ಎರಡು ಇಟ್ಟುಕೊಳ್ಳುತ್ತಿದ್ದ.

ಹತ್ತೊಂಬತ್ತು ವರ್ಷದ ಹಿಂದಿನ ಆ ಸಲ ನಾಲ್ಕೂ ಚಕ್ರಕ್ಕೆ ಹೊಸದು ಕೂಡಿಸಿ, ಕೈ ಒರೆಸಿಕೊಳ್ಳುತ್ತ ಅವನು ಒಂದು ಮಾತು ಹೇಳಿದ. "ಸಾವ್ಕಾರ್ರ, ಇದಕ್ಕ ಬ್ರೇಕ್ ಆಯಿಲ್ ಬಿಟ್ರ ಬ್ಯಾರೆ ಏನೂ ಮುಟ್ಟಸಬ್ಯಾಡ್ರಿ. ತೀರ ಅಡಚಣಿ ಆದ್ರ ಔಡಲೆಣ್ಣಿ ಹಾಕ್ರಿ, ನಡೀತದ. ಇಂಜಿನ್ ಆಯಿಲ್ ಬಿತ್ತಂದ್ರ ರಬ್ಬರ್ ಉಬ್ಬಿ ಸಾಯ್ತದ." ಪಥ್ಯ ಹೇಳುವ ಹಕೀಮನ ಹಾಗೆ ಹೇಳ್ತೀಯಲ್ಲೋ ಎಂದು ಶಿವರಾಜಪ್ಪ ನಕ್ಕಿದ್ದ. ಲಾಲ ಅಹ್ಮದ ನಗದೆ ಇನ್ನೊಮ್ಮೆ ಅದನ್ನೇ ಹೇಳಿದ.

ಎಂಟು ದಿನಕ್ಕೆ ಔರಾದದಲ್ಲಿ ತೊಗರಿ ಚೀಲ ತುಂಬುವಾಗ ಬ್ರೇಕಿನ ಪೆಡಲು ಒಂದಿಷ್ಟು ಕೆಳಗಿಳಿಯಿತು. ಎಲ್ಲೋ ಪೈಪಿನ ಜೋಡಣೆ ಸಡಿಲಾಗಿ ಎಣ್ಣೆ ಸೋರಿತ್ತು. ಶಿವರಾಜಪ್ಪ ಪಾನಾ ಹಾಕಿ ಬಿಗಿ ಮಾಡಿದ. ಬ್ರೇಕ್ ಆಯಿಲ್ ಮಾರುವ ಅಂಗಡಿಯವನು ಊಟಕ್ಕೆ ಬಾಗಿಲು ಹಾಕಿಕೊಂಡು ಹೋಗಿದ್ದ. ಕಾದಿದ್ದರೆ ಒಂದು ತಾಸು. ಎದುರಿನ ಕಿರಾಣಿಯಲ್ಲಿ ಔಡಲೆಣ್ಣೆ ಇತ್ತು, ಐವತ್ತು ಹೆಜ್ಜೆ. ಆ ಬಿಸಿಲಿಗೆ ಐವತ್ತು ಹೆಜ್ಜೆಯೂ ಬೇಡವಾಗಿ, ಸೀಟಿನ ಕೆಳಗಿದ್ದ ಡಬ್ಬಿಯಿಂದ ಇಂಜಿನ್ ಆಯಿಲನ್ನೇ ಸುರಿದ. ಎಣ್ಣೆ ಎಣ್ಣೆಯೇ, ಈ ಸಾಬ ಸುಮ್ಮನೆ ಹೆದರಿಸುತ್ತಾನೆ ಎಂದುಕೊಂಡ. ಪೆಡಲು ಒತ್ತಿದರೆ ಗಟ್ಟಿಯಾಗಿ ನಿಂತಿತು. ಲಾರಿಯನ್ನು ತಮ್ಮನಿಗೆ ಒಪ್ಪಿಸಿ ತಾನು ಬಸ್ಸಿಗೆ ಭಾಲ್ಕಿಗೆ ಬಂದ.

ಎರಡನೆಯ ದಿನ ಬೆಳಿಗ್ಗೆ ಅಮಿತಕುಮಾರ ಔರಾದದ ಬೂತಿನಿಂದ ಫೋನು ಮಾಡಿದ. "ಅಣ್ಣಾ, ಬ್ರೇಕ್ ಹಿಡದ್ರ ಬಿಡವಲ್ಲದು. ಚಕ್ರ ಸುಡ್ಲಾಕತ್ಯಾವ. ಏನ್ ಮಾಡ್ಲಿ?"

ಒಂದೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು: ನಾನು ಅದರಲ್ಲಿ ಇಂಜಿನ್ ಆಯಿಲ್ ಹಾಕಿದೀನಿ, ಗಾಡಿ ಅಲ್ಲೇ ನಿಲ್ಲಿಸು. ತಮ್ಮ ನಕ್ಕಾನು, ಲಾಲ ಅಹ್ಮದ ಎಲ್ಲರೆದುರು ಬೈದಾನು ಎಂಬ ನಾಚಿಕೆ. ಇಷ್ಟೇ ಕಾರಣ, ಇದಕ್ಕಿಂತ ದೊಡ್ಡದು ಏನೂ ಇರಲಿಲ್ಲ. ಸಾವಕಾಶ ಹೊಡೆದುಕೊಂಡು ಬೀದರಿಗೆ ಬಾ, ಲಾಲಭಾಯಿಗೆ ತೋರಿಸೋಣ ಎಂದು ಹೇಳಿ ಫೋನು ಇಟ್ಟ. ಸೇತುವೆಯ ಇಳಿಜಾರಿನಲ್ಲಿ ಕಾದು ಕೆಂಪಾದ ಬ್ರೇಕು ಪೂರ್ತಿ ಕೈಕೊಟ್ಟಿತು. ದಾನಮ್ಮ ಮೆಹಕರದಿಂದ ಸೊಸೆಯಾಗಿ ಬಂದು ಆಗ ಹದಿನಾಲ್ಕು ತಿಂಗಳಾಗಿತ್ತು.

*

ಗಲ್ಲಿಯ ತಿರುವಿನಲ್ಲಿ ಶಿವರಾಜಪ್ಪ ಜೀಪು ನಿಲ್ಲಿಸಿದ, ಆದರೆ ಇಳಿಯಲಿಲ್ಲ. ಲಾಲ ಅಹ್ಮದನ ಮನೆಗೆ ಅಂಟಿಕೊಂಡ ಅಂಗಡಿಯ ಮುಂದೆ ಅದೇ ಲಾರಿ ನಿಂತಿತ್ತು. ಗುಜರಿಗೆ ಕೊಟ್ಟು ಮರೆತಿದ್ದ ಲಾರಿ. ಮೂತಿ ತಿದ್ದಿ ಹಸಿರು ಬಣ್ಣ ಹೊಡೆದಿದ್ದರು. ಬಾಗಿಲಿನ ಸುತ್ತ, ಕಿಟಕಿಯ ಅಂಚಿಗೆ ಹೊಸ ಕಪ್ಪು ರಬ್ಬರು. ಮುಂದಿನ ಎರಡು ಗಾಜಿನಲ್ಲಿ ಒಂದು ಕೂತಿತ್ತು. ಇನ್ನೊಂದು ಅರ್ಧ ಕೂತು, ರಬ್ಬರಿನ ಸಂದಿನಿಂದ ಸುತಳಿಯ ತುದಿ ಜೋತುಬಿದ್ದಿತ್ತು. ಗಾಜಿನ ರಬ್ಬರನ್ನು ಹಾಗೆಯೇ ಕೂಡಿಸುವುದು. ಅದರ ಕೊರಕಲಿನಲ್ಲಿ ಸುತಳಿ ತುರುಕಿ, ಸಾಬೂನಿನ ನೀರು ಸವರಿ, ಒಬ್ಬ ಹೊರಗಿನಿಂದ ಒತ್ತುತ್ತಿದ್ದರೆ ಇನ್ನೊಬ್ಬ ಒಳಗಿನಿಂದ ಸುತಳಿ ಎಳೆಯಬೇಕು. ನಿನ್ನೆ ಸಂಜೆ ಹಾಗೆ ಎಳೆಯುತ್ತಿರುವಾಗಲೇ ಲಾಲ ಅಹ್ಮದ ಸೀಟಿನ ಮೇಲೆ ವಾಲಿಕೊಂಡನಂತೆ. ಹೊರಗೆ ಗಾಜು ಒತ್ತಿ ಹಿಡಿದಿದ್ದವನು ಮಗ ಒವೈಸ. ಅಬ್ಬಾ ಎಳೀರಿ, ಎಳೀರಿ ಎಂದು ಅವನು ಎರಡು ಸಲ ಕೂಗಿದ್ದನಂತೆ. ಇದನ್ನೆಲ್ಲ ಪಕ್ಕದ ಮನೆಯ ಯುನುಸ ಜೀಪಿನ ಕಿಟಕಿಗೆ ಬಂದು ಹೇಳಿದ.

"ಭಾವಾರ, ಇದು ನಮ್ದೇ ಗಾಡಿ ಅಲ್ರಿ?" ಎಂದಳು ದಾನಮ್ಮ ಹಿಂದಿನಿಂದ. ಅವಳು ಗಂಡನ ಪಕ್ಕ ಕೂತು ಭಾಲ್ಕಿಗೆ ಬಂದದ್ದು ಇದೇ ಲಾರಿಯಲ್ಲಿ. ಶಿವರಾಜಪ್ಪ ಹೂಂ ಎಂದ.

ಒಳಗೆ ಹೆಣಕ್ಕೆ ಸ್ನಾನ ಮಾಡಿಸಿ ಬಿಳಿ ಬಟ್ಟೆ ಸುತ್ತಿ ಇಟ್ಟಿದ್ದರು. ಮುಖ ಮಾತ್ರ ಬಿಟ್ಟಿದ್ದರು. ಎಷ್ಟು ಸಣ್ಣಗಾಗಿದ್ದಾನೆ ಎಂದು ಶಿವರಾಜಪ್ಪನಿಗೆ ಭಯವಾಯಿತು. ದಾನಮ್ಮ ಹೆಂಗಸರ ನಡುವೆ ಕೂತಳು. ಯಾರೋ ಅವಳಿಗೆ ಜಾಗ ಬಿಟ್ಟರು. ಅವಳು ಯಾರು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಇದೇ ಹೊಸ್ತಿಲಲ್ಲಿ ಮಣ್ಣು ತೂರಿ, ನಿನ್ನ ಕೈ ಸೇದಿಹೋಗಲಿ, ಬತ್ತಿಹೋಗಲಿ ಎಂದು ಕೂಗಿದವಳು. ಆಮೇಲೆ ಯಾವ ಮಾಲಕನೂ ಲಾಲ ಅಹ್ಮದನ ಕೈಗೆ ಬ್ರೇಕು ಕೊಡಲಿಲ್ಲ. ಬಾಗಿಲಿನ ರಬ್ಬರು, ಗಾಜಿನ ರಬ್ಬರು, ಮಳೆನೀರು ಒಳಗೆ ಬರದ ಹಾಗೆ ಮಾಡುವ ಕೆಲಸ, ಇಷ್ಟೇ ಅವನ ಪಾಲಿಗೆ ಉಳಿದದ್ದು. ಕೈ ಸೇದಲಿಲ್ಲ, ಕೆಲಸ ಸೇದಿಹೋಯಿತು.

ಅರ್ಶಿಯಾ ಶಿವರಾಜಪ್ಪನನ್ನು ಅಂಗಡಿಯ ಒಳಕ್ಕೆ ಕರೆದಳು. ನಲವತ್ತರ ಹತ್ತಿರದ ಹೆಣ್ಣುಮಗಳು, ಸಾಲೆಯಲ್ಲಿ ಉರ್ದು ಟೀಚರು. ಅತ್ತು ಅತ್ತು ದನಿ ಹೋಗಿತ್ತು. ಕಮಲನಗರದ ಒಬ್ಬರು ಹಳೇ ಗಾಡಿಗಳ ಶೋಕಿಯವರು ಈ ಲಾರಿಯನ್ನು ಕೊಂಡು ತಂದದ್ದು, ಅಬ್ಬಾ ನೋಡಿದ ಕೂಡಲೇ ಗುರುತು ಹಿಡಿದದ್ದು, ಮೂರು ತಿಂಗಳು ಇದೊಂದೇ ಕೆಲಸ ಹಿಡಿದು ಕೂತದ್ದು ಎಲ್ಲ ಹೇಳಿದಳು. ಬ್ರೇಕಿನ ಅಚ್ಚನ್ನು ಹೊರತೆಗೆದು ತುಕ್ಕು ತಿಕ್ಕಿ, ಆಗ ಮಾಡಿದ ಹಾಗೆಯೇ ರಬ್ಬರು ಮಾಡಿ ಕೂಡಿಸಿದನಂತೆ. ದಿನಕ್ಕೆ ಹತ್ತು ಸಲ ಪೆಡಲು ಒತ್ತಿ ನೋಡುತ್ತಿದ್ದನಂತೆ. ಸಾವ್ಕಾರ್ರು ಒಮ್ಮೆ ಬಂದು ಕಾಲಿಟ್ಟು ನೋಡಲಿ ಎಂದು ಎರಡು ಸಲ ಭಾಲ್ಕಿಗೆ ಹೇಳಿ ಕಳಿಸಿದ್ದ. ಆ ಹೇಳಿಕೆ ಶಿವರಾಜಪ್ಪನಿಗೆ ಮುಟ್ಟಿತ್ತು. ಅವನು ಬಂದಿರಲಿಲ್ಲ.

"ಒಂದ್ ಮಾತ್ ಹೇಳ್ತೇನಿ, ಸಿಟ್ಟ್ ಮಾಡ್ಕೋಬ್ಯಾಡ್ರಿ," ಎಂದಳು ಅರ್ಶಿಯಾ. "ಅವತ್ತ ಅಬ್ಬಾ ರಬ್ಬರ್ ಮೂಸಿ ನೋಡಿ ತಿಳ್ಕೊಂಡಿದ್ರು, ಇಂಜಿನ್ ಆಯಿಲ್ ಬಿದ್ದದ ಅಂತ. ನಿಮ್ಮ ತಮ್ಮನೇ ಗೊತ್ತಿಲ್ದ ಹಾಕ್ಕೊಂಡಾನ ಅಂದ್ರು. ಸತ್ತವನ ಮ್ಯಾಲ ಹಾಕಿದ್ರ ಆ ಹುಡಿಗಿ ಹ್ಯಾಂಗ ಬದುಕಬೇಕು, ನನ್ನ ಮ್ಯಾಲೇ ಇರ್ಲಿ ಅಂದ್ರು. ಮನ್ಯಾಗ ನಮಗಷ್ಟೇ ಹೇಳಿದ್ರು."

ಶಿವರಾಜಪ್ಪ ಅಲ್ಲಿದ್ದ ಸ್ಟೂಲಿನ ಮೇಲೆ ಕೂತ.

"ಮತ್ತ ಮಾಫಿ ಯಾಕ?" ಎಂದು ಕೇಳಿದ.

"ಎಣ್ಣಿ ಮಾತು ಸಾವ್ಕಾರ್ರಿಗೆ ಹೇಳಿದ್ದೆ, ಗಾಡಿ ಹೊಡಿಯೋ ಹುಡಗಗ ಹೇಳ್ಲಿಲ್ಲ, ಅದು ನಂದೇ ಗುನಾ ಅಂತಿದ್ರು. ಸಾಯೋತನಕ ಅದೊಂದೇ ಮಾತು."

*

ಅಮಿತಕುಮಾರ ಸತ್ತ ಮೂರನೆಯ ದಿನ ಭಾಲ್ಕಿಯ ಮನೆಯ ಮುಂದೆ ಲಾರಿಯ ಚಕ್ರ ಬಿಚ್ಚಿಸಿದ್ದರು. ಸುತ್ತ ಐವತ್ತು ಅರವತ್ತು ಮಂದಿ. ಸಾವಿಗೆ ಮಾತಾಡಿಸಲು ಬಂದವರೆಲ್ಲ ಅವತ್ತು ಮೆಕ್ಯಾನಿಕ್ಕುಗಳೇ ಆಗಿಬಿಟ್ಟಿದ್ದರು. ಒಳಗಿನ ರಬ್ಬರು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿಕೊಂಡಿತ್ತು. ನೋಡ್ರಿ, ಕೈಲೆ ಮಾಡಿದ ರಬ್ಬರಿನ ಹಣೆಬರಹ ಎಂದು ಒಬ್ಬ ಅಂದ. ಹೌದೌದು ಎಂದು ಹತ್ತು ಬಾಯಿ ಅಂದವು.

ಲಾಲ ಅಹ್ಮದ ಅದನ್ನು ಬೆರಳಿನಲ್ಲಿ ಹಿಡಿದು ಮೂಗಿನ ಹತ್ತಿರ ಒಯ್ದ. ಆಮೇಲೆ ಶಿವರಾಜಪ್ಪನ ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ, "ಎಣ್ಣಿ ಯಾರ್ ಹಾಕಿದ್ರು ಸಾವ್ಕಾರ್ರ?" ಎಂದ.

"ನಂಗೇನ್ ಗೊತ್ತು," ಎಂದ ಶಿವರಾಜಪ್ಪ.

ಲಾಲ ಅಹ್ಮದ ಅವನನ್ನು ನೋಡಿದ. ಆಮೇಲೆ ಬೇವಿನ ಮರದ ಕೆಳಗೆ ಬಳೆ ಒಡೆದ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದ ದಾನಮ್ಮನನ್ನು ನೋಡಿದ. ತಿರುಗಿ ಮಂದಿಗೆ, "ರಬ್ಬರ್ ನಂದೇ ಅದ," ಎಂದ. ಅಷ್ಟೇ ಹೇಳಿದ. ಊರು ಅದನ್ನು ತಪ್ಪೊಪ್ಪಿಗೆ ಎಂದು ತಿಳಿಯಿತು. ಸಾಹುಕಾರನಿಗೆ ಹೆದರಿ ಬಾಯಿ ಮುಚ್ಚಿಕೊಂಡ ಎಂದು ಶಿವರಾಜಪ್ಪ ತಿಳಿದ. ಹೆದರಿದವನ ಬಗ್ಗೆ ಮರುಕಪಡುವುದು ಸುಲಭ, ಹಬ್ಬಕ್ಕೆ ಒಂದು ಚೀಲ ಜೋಳ ಕಳಿಸಿದರೆ ಮುಗಿಯಿತು. ವರ್ಷಾ ವರ್ಷಾ ಕಳಿಸಿದ್ದ.

*

"ಅರ್ಶಿಯಾ, ಅವತ್ತ ಎಣ್ಣಿ..." ಎಂದು ಶಿವರಾಜಪ್ಪ ಬಾಯಿ ತೆಗೆದ.

ಅವಳು ಬೇಡ ಎಂಬಂತೆ ಕೈ ಆಡಿಸಿದಳು. "ಅದು ಮುಗೀತ್ರಿ. ದಾನಮ್ಮಗ ಇದು ಯಾವತ್ತೂ ಗೊತ್ತಾಗೂದು ಬ್ಯಾಡ. ಅಬ್ಬಾ ಇಷ್ಟ ವರ್ಷ ಕಾಪಾಡ್ಯಾರ, ಅವ್ರ ಮಣ್ಣಿನ ದಿನ ನಾವ್ ಯಾಕ ಕೆಡಸೂಣು."

ಅಷ್ಟರಲ್ಲಿ ಹೊರಗೆ ಲಾರಿಯ ಬಾಗಿಲು ತೆರೆದ ಸದ್ದಾಯಿತು. ಇಬ್ಬರೂ ಹೊರಗೆ ಬಂದರು. ದಾನಮ್ಮ ಒಂದು ಕೈಯಲ್ಲಿ ಸೀರೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿ, ಗಂಡ ಕೂರುತ್ತಿದ್ದ ಜಾಗದಲ್ಲಿ ಕೂತಿದ್ದಳು. ಹೆಣದ ಮನೆಯ ಮುಂದೆ ಹೆಂಗಸು ಲಾರಿ ಹತ್ತಿ ಕೂತದ್ದನ್ನು ಗಲ್ಲಿಯ ಗಂಡಸರು ನಿಂತು ನೋಡಿದರು. ಮುದುಕ ಮುಬಶ್ಶೀರ ಮಾತ್ರ ಇರಲಿ ಬಿಡ್ರಿ ಎಂದ. ಯುನುಸ ಅವಳಿಗೆ ಬ್ರೇಕಿನ ಪೆಡಲು ಯಾವುದು ಎಂದು ತೋರಿಸಿದ. ಅವಳು ಚಪ್ಪಲಿ ಬಿಟ್ಟು, ಬರಿಗಾಲನ್ನು ಅದರ ಮೇಲಿಟ್ಟು, ಎರಡೂ ಕೈಯಿಂದ ಸ್ಟೇರಿಂಗು ಹಿಡಿದು ಒತ್ತಿದಳು. ಬಿಟ್ಟಳು. ಮತ್ತೆ ಒತ್ತಿದಳು. ಹಾಗೆ ಐದಾರು ಸಲ ಮಾಡಿ, ಶಿವರಾಜಪ್ಪನ ಕಡೆ ನೋಡಿದಳು.

"ಗಟ್ಟಿ ಅದ ಅಲ್ರಿ ಭಾವಾರ. ಆಗಿಂದೂ ಇಂಥವೇ ರಬ್ಬರ್ ಅಂತ ಯುನುಸಭಾಯಿ ಹೇಳ್ತಾರ. ಇವು ಇಷ್ಟ ಛಲೋ ಇದ್ವು ಅಂದ್ರ, ಅವತ್ತ ಏನಾಗಿತ್ತ್ರಿ?"

ಹತ್ತೊಂಬತ್ತು ವರ್ಷ ಅವಳು ಅವನ ಮನೆಯಲ್ಲಿ ರೊಟ್ಟಿ ಬಡಿದಿದ್ದಳು. ತವರಿಗೆ ಕರೆದರೆ ಹೋಗಲಿಲ್ಲ. ಭಾವ ಸ್ವಂತ ಅಣ್ಣನ ಹಾಗೆ ನೋಡಿಕೊಳ್ಳುತ್ತಾರೆ ಎಂದು ಮೆಹಕರದ ಅಪ್ಪನಿಗೆ ಹೇಳಿ ಕಳಿಸಿದ್ದಳು. ಈಗ ಕೇಳಿದ್ದಾಳೆ, ಅದೂ ಸಿಟ್ಟಿನಿಂದ ಅಲ್ಲ, ತಿಳಿಯದೆ. ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ದೇವರು ಬಂದರೂ ಕೊಡಲಾರ.

"ದೇವ್ರಿಗೇ ಗೊತ್ತು ಯವ್ವ," ಎಂದ ಶಿವರಾಜಪ್ಪ. "ಇಳಿ ಕೆಳಗ, ಹೊತ್ತಾತು."

ಅವಳು ಇಳಿದು, ಲಾರಿಯ ಬಾಗಿಲನ್ನು ಮೆಲ್ಲಗೆ ಹಾಕಿದಳು. ಹೊಸ ರಬ್ಬರು ಒತ್ತಿಕೊಂಡು ಬಾಗಿಲು ಸದ್ದಿಲ್ಲದೆ ಕೂತಿತು. ಆಮೇಲೆ ಅಲ್ಲೇ ಧೂಳಿನಲ್ಲಿ ಕುಕ್ಕರಿಸಿ, ಆ ಮನುಷ್ಯನಿಗೆ ಎಂಥ ಮಾತು ಅಂದೆ, ಎಂಥ ಮಾತು ಅಂದೆ ಎಂದು ಹಣೆ ಬಡಿದುಕೊಂಡು ಅತ್ತಳು. ಅರ್ಶಿಯಾ ಅವಳನ್ನು ತಬ್ಬಿ ಎಬ್ಬಿಸಿ, ನಿಮ್ಮದೇನೂ ತಪ್ಪಿಲ್ಲ ಎನ್ನುತ್ತ ಒಳಗೆ ಕರೆದುಕೊಂಡು ಹೋದಳು.

ಮಸೀದಿಯ ಬಯಲಿನಲ್ಲಿ ಸಾಲು ಕಟ್ಟಿದರು. ನಮಾಜು ಮಾಡದವರು ಹಿಂದೆ ಗೋಡೆಯ ನೆರಳಿಗೆ ನಿಂತರು. ಶಿವರಾಜಪ್ಪನೂ ಅಲ್ಲೇ ನಿಂತ. ಒವೈಸ ಹೆಣವಿಟ್ಟ ಜನಾಜಾದ ಪಕ್ಕಕ್ಕೆ ಬಂದು ಮಂದಿಗೆ ಮುಖಮಾಡಿದ. ಮೂವತ್ತರ ಗಂಡಸು, ಸಾಲೆಯ ವ್ಯಾನು ಹೊಡೆಯುವವನು. ಅಪ್ಪನ ಕಸುಬಿಗೆ ಬಂದ ಹೆಸರು ನೋಡಿ ಅದನ್ನು ಹಿಡಿಯದೆ ಬಿಟ್ಟವನು. ಮೊದಲು ಉರ್ದುವಿನಲ್ಲಿ ಕೇಳಿದ. ಆಮೇಲೆ ಗೋಡೆಯ ಕಡೆ ನೋಡಿ ಕನ್ನಡದಲ್ಲಿ ಕೇಳಿದ.

"ನಮ್ಮ ಅಬ್ಬಾರಿಂದ ಯಾರಿಗರೆ ತ್ರಾಸ ಆಗಿದ್ರ, ಯಾರದರೆ ಮನಿ ಕೆಟ್ಟಿದ್ರ, ಅಲ್ಲಾಹನ ಸಲುವಾಗಿ ಮಾಫ್ ಮಾಡ್ರಿ."

ಸಾಲಿನಲ್ಲಿದ್ದವರು ಮಾಫ್ ಮಾಫ್ ಎಂದರು. ಆದರೂ ಒವೈಸ ಸರಿಯಲಿಲ್ಲ. ಒಬ್ಬೊಬ್ಬರಾಗಿ ಜನ ಹಿಂದಕ್ಕೆ ತಿರುಗಿ ಶಿವರಾಜಪ್ಪನನ್ನು ನೋಡತೊಡಗಿದರು. ಎಣ್ಣೆ ಹಾಕಿದವನು ನಾನು. ಮೂರೇ ಮಾತು, ಒಂದು ಉಸಿರಿಗೂ ಸಾಲದು. ಹೇಳಿದರೆ ಈ ಮನೆಗೆ ಹೆಸರು ತಿರುಗಿ ಬರುತ್ತದೆ, ಒವೈಸ ತಲೆ ಎತ್ತಿ ಗಲ್ಲಿಯಲ್ಲಿ ನಡೆದಾನು. ಹೇಳಿದರೆ ಸಂಜೆ ಭಾಲ್ಕಿಯ ಮನೆಯಲ್ಲಿ ದಾನಮ್ಮನ ಮುಖ ನೋಡಬೇಕು. ಮಂದಿ ಕಾಯುತ್ತಿದ್ದರು.

"ಮಾಫ್ ಮಾಡೀನಿ," ಎಂದ ಶಿವರಾಜಪ್ಪ. "ನಮ್ಮ ಮನಿಯಿಂದ ಮಾಫ್."

ನಿನ್ನೆಯಿಂದ ಅಳದೆ ಇದ್ದ ಒವೈಸ ಆಗ ಅತ್ತ. ನಮಾಜು ಮುಗಿದ ಮೇಲೆ ಮುಬಶ್ಶೀರ ಶಿವರಾಜಪ್ಪನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, ಇಂಥ ದಿಲ್ ಎಲ್ಲರಿಗೂ ಇರುವುದಿಲ್ಲ ಎಂದ. ಗುರುತಿಲ್ಲದವರೂ ಬಂದು ಸಲಾಂ ಮಾಡಿದರು. ಕಬ್ರಸ್ಥಾನದವರೆಗೆ ಅವನಿಗೆ ಯಾರೋ ಕೊಡೆ ಹಿಡಿದರು. ಅವನು ಬೇಡ ಎಂದದ್ದು ಯಾರಿಗೂ ಕೇಳಿಸಲಿಲ್ಲ.

ಹೆಣವನ್ನು ಇಳಿಸಿ, ಕಲ್ಲು ಮುಚ್ಚಿ, ಎಲ್ಲರೂ ಮೂರು ಮೂರು ಮುಷ್ಟಿ ಮಣ್ಣು ಹಾಕಲು ಸರಿದು ಬಂದರು. ಒವೈಸ ಮಂದಿಯನ್ನು ತಡೆದು ಶಿವರಾಜಪ್ಪನ ರಟ್ಟೆ ಹಿಡಿದು ಮುಂದಕ್ಕೆ ತಂದ. "ಮೊದ್ಲ ನೀವು ಹಾಕ್ರಿ ಚಾಚಾ," ಎಂದ. ಇದುವರೆಗೆ ಆ ಮನೆಯಲ್ಲಿ ಯಾರೂ ಅವನನ್ನು ಚಾಚಾ ಎಂದಿರಲಿಲ್ಲ.

ಶಿವರಾಜಪ್ಪ ಬಗ್ಗಿ ಕೆಂಪು ಮಣ್ಣು ಎತ್ತಿಕೊಂಡು ಗುಣಿಯ ಮೇಲೆ ಕೈ ಚಾಚಿದ. ಕೈ ಅಲ್ಲೇ ನಿಂತಿತು. ಮುಷ್ಟಿ ಬಿಚ್ಚಲಿಲ್ಲ. ಹಿಂದೆ ಮಂದಿ ಕಾಯುತ್ತಿದ್ದರು, ಯಾರೋ ಕೆಮ್ಮಿದರು. ಒವೈಸ ಅವನ ಮಣಿಕಟ್ಟಿನ ಕೆಳಗೆ ತನ್ನ ಎಡಗೈ ಆಸರೆ ಕೊಟ್ಟು, ಬಲಗೈಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಮಣ್ಣು ಕಲ್ಲಿನ ಮೇಲೆ ಉದುರಿತು.

"ಇನ್ನ ಎರಡು ಅವ ಚಾಚಾ," ಎಂದು ಒವೈಸ ತಾನೇ ಬಗ್ಗಿ, ಬೊಗಸೆಯಲ್ಲಿ ಮಣ್ಣು ತಂದು ಆ ಕೈಯಲ್ಲಿ ತುಂಬಿ, ಬೆರಳುಗಳನ್ನು ಅದರ ಮೇಲೆ ಮಡಚಿದ.